ಏಳಕ್ಕೆ ಬಿದ್ದರೂ ಹೊಟ್ಟೆ ಕಾಣುವುದಿಲ್ಲ: ಕೂಸು ಬೆಳೆಯುತ್ತಿದೆಯೇ?

ಪ್ರಶ್ನೆ: ನನಗೀಗ ಆರು ತಿಂಗಳು ತುಂಬಿ ಏಳಕ್ಕೆ ಬಿದ್ದಿದೆ. ಚೊಚ್ಚಲ ಬಸಿರು. ಓಣಿಯ ಹೆಂಗಸರೆಲ್ಲ ‘ಹೊಟ್ಟೆಯೇ ಕಾಣುವುದಿಲ್ಲವಲ್ಲ, ಕೂಸು ಬೆಳೆದಿದೆಯೋ ಇಲ್ಲವೋ’ ಎನ್ನುತ್ತಾರೆ. ನನ್ನ ನಾದಿನಿಗೆ ಎರಡನೆಯದರಲ್ಲಿ ಐದು ತಿಂಗಳಿಗೇ ಇದಕ್ಕಿಂತ ದೊಡ್ಡ ಹೊಟ್ಟೆ ಇತ್ತು. ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ, ಸಂಜೆಗೆ ಪಾದ ಬಾಯುತ್ತದೆ, ನಾಲ್ಕು ಹೆಜ್ಜೆ ನಡೆದರೆ ದಮ್ಮು ಬರುತ್ತದೆ. ಕುಬಸ ಮುಗಿಸಿಕೊಂಡು ಹುಮನಾಬಾದ್ ಕಡೆಯ ತವರಿಗೆ ಹೋಗುವವಳಿದ್ದೇನೆ. ಕೂಸು ಸರಿಯಾಗಿದೆಯೇ?
– ಸುರಪುರ ತಾಲ್ಲೂಕಿನ ಓದುಗಾರ್ತಿ

ಉತ್ತರ: ಓಣಿಯವರ ಕಣ್ಣಳತೆಯನ್ನು ಓಣಿಯಲ್ಲೇ ಬಿಡಿ. ಹೊಟ್ಟೆ ಎದ್ದು ಕಾಣುವುದು ಕೂಸಿನ ತೂಕಕ್ಕಿಂತ ಹೆಚ್ಚಾಗಿ ತಾಯಿಯ ಮೈಕಟ್ಟಿಗೆ ಸೇರಿದ ವಿಷಯ. ಚೊಚ್ಚಲ ಬಸಿರಿನಲ್ಲಿ ಹೊಟ್ಟೆಯ ಸ್ನಾಯುಗಳು ಇನ್ನೂ ಬಿಗಿಯಾಗಿರುತ್ತವೆ, ಗರ್ಭಕೋಶವನ್ನು ಒಳಕ್ಕೇ ಹಿಡಿದಿಡುತ್ತವೆ. ಒಮ್ಮೆ ಹೆತ್ತವರಲ್ಲಿ ಆ ಬಿಗಿ ಸಡಿಲವಾಗಿ ಹೊಟ್ಟೆ ಬೇಗ ಮುಂದಕ್ಕೆ ಬರುತ್ತದೆ. ನಿಮ್ಮ ನಾದಿನಿಯ ಎರಡನೆಯ ಬಸಿರನ್ನು ನಿಮ್ಮ ಮೊದಲನೆಯದರ ಪಕ್ಕಕ್ಕಿಟ್ಟು ನೋಡುವುದೇ ತಪ್ಪು ಲೆಕ್ಕ. ಎತ್ತರದ ಹೆಂಗಸಿಗೆ ಹೊಟ್ಟೆ ಕಾಣುವುದು ತಡ, ಗಿಡ್ಡ ಮೈಯವರಿಗೆ ಬೇಗ. ಕೂಸು ಅಡ್ಡಲಾಗಿ ಮಲಗಿದ್ದರೆ ಒಂದು ಆಕಾರ, ಉದ್ದಕ್ಕೆ ಮಲಗಿದ್ದರೆ ಇನ್ನೊಂದು. (ಹೊಟ್ಟೆ ಚೂಪಾಗಿದ್ದರೆ ಗಂಡು, ಅಗಲವಾಗಿದ್ದರೆ ಹೆಣ್ಣು ಎಂಬ ಮಾತೂ ಇದೇ ಓಣಿಯದು. ಅದಕ್ಕೆ ಆಧಾರವಿಲ್ಲ. ಸ್ಕ್ಯಾನಿಂಗ್ ಮಾಡಿಸಿ ಅದನ್ನು ಕೇಳುವುದು 1994ರ ಕಾನೂನಿನ ಪ್ರಕಾರ ಅಪರಾಧ.)

ಹಾಗೆಂದು ಸುಮ್ಮನೆ ಕುಳಿತುಕೊಳ್ಳಿ ಎನ್ನುತ್ತಿಲ್ಲ. ಕೆಲವು ಬಸಿರುಗಳಲ್ಲಿ ಕೂಸಿನ ಬೆಳವಣಿಗೆ ನಿಜವಾಗಿಯೂ ಹಿಂದೆ ಬೀಳುತ್ತದೆ. ತಾಯಿಯ ರಕ್ತಹೀನತೆ ಮತ್ತು ಬಿಪಿ ಅದಕ್ಕೆ ದೊಡ್ಡ ಕಾರಣಗಳು. ಆದರೆ ಅದನ್ನು ಪತ್ತೆ ಮಾಡಲು ಕಣ್ಣು ಸಾಲದು, ಅಳತೆ ಬೇಕು.

ಅಳತೆಗೂ ಮೊದಲು ಎಣಿಕೆ ಸರಿಯಿರಬೇಕು. ‘ಹೊಟ್ಟೆ ಸಣ್ಣದು’ ಎಂದು ಗಾಬರಿಯಾಗಿ ಬರುವವರಲ್ಲಿ ಎಷ್ಟೋ ಜನರ ಹೊಟ್ಟೆ ಸರಿಯಾಗಿಯೇ ಇರುತ್ತದೆ, ತಪ್ಪಿರುವುದು ತಿಂಗಳು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಎಣಿಸಿದರೆ ಆರು ತಿಂಗಳೆಂದರೆ 25 ವಾರ ಚಿಲ್ಲರೆ, ಕ್ಯಾಲೆಂಡರಿನಲ್ಲಿ ಎಣಿಸಿದರೆ 26 ವಾರ. ಮುಟ್ಟು ತಪ್ಪಿದ ತಿಂಗಳಿನಿಂದ ಎಣಿಸುವವರೂ ಇದ್ದಾರೆ. ಆಸ್ಪತ್ರೆಯಲ್ಲಿ ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ತಾರೀಖು ನೆನಪಿಲ್ಲದಿದ್ದರೆ ಜಾತ್ರೆ, ಹಬ್ಬ ಹಿಡಿದು ಲೆಕ್ಕ ಹಾಕಿ. ಮೈಲಾಪುರದ ಮೈಲಾರಲಿಂಗನ ಜಾತ್ರೆಯ ದಿನ, ಅಂದರೆ ಜನವರಿ 14ರ ಸಂಕ್ರಾಂತಿಗೆ, ಮುಟ್ಟಾಗಿದ್ದಿರಿ ಎಂದುಕೊಳ್ಳೋಣ. ಜುಲೈ 15ಕ್ಕೆ ನಿಮಗೆ 26 ವಾರ, ಹೆರಿಗೆಯ ಅಂದಾಜು ದಿನ ಅಕ್ಟೋಬರ್ 21. ಮುಟ್ಟು ಹಿಂದುಮುಂದಾಗುತ್ತಿದ್ದವರಿಗೆ ಈ ಲೆಕ್ಕವೂ ಕೈಕೊಡುತ್ತದೆ. ಅಂಥವರು ಮೊದಲ ಮೂರು ತಿಂಗಳಲ್ಲಿ ಮಾಡಿಸಿದ ಸ್ಕ್ಯಾನಿಂಗ್ ವರದಿ ತೆಗೆದು ನೋಡಬೇಕು. ಅದರಲ್ಲಿ ಬರೆದಿರುವ ದಿನವೇ ಎಲ್ಲಕ್ಕಿಂತ ನಂಬಿಕೆಗೆ ಅರ್ಹ.

ಇನ್ನು ಟೇಪು. ಆರೋಗ್ಯ ಕೇಂದ್ರದಲ್ಲಿ ಸಿಸ್ಟರ್ ಮೊದಲು ನಿಮಗೆ ಮೂತ್ರಕ್ಕೆ ಹೋಗಿ ಬರಲು ಹೇಳುತ್ತಾರೆ. ಮೂತ್ರಕೋಶ ತುಂಬಿದ್ದರೆ ಗರ್ಭಕೋಶ ಮೇಲಕ್ಕೆ ದೂಡಿಕೊಂಡು ಅಳತೆ ಸುಳ್ಳಾಗುತ್ತದೆ. ಆಮೇಲೆ ಮಂಚದ ಮೇಲೆ ಮಲಗಿಸಿ, ಅಂಗೈಯ ಅಂಚಿನಿಂದ ಎದೆಗೂಡಿನ ಕಡೆಯಿಂದ ಕೆಳಕ್ಕೆ ಮೆಲ್ಲಗೆ ಒತ್ತುತ್ತ ಬಂದು ಗರ್ಭಕೋಶದ ತುದಿ ಹುಡುಕುತ್ತಾರೆ. ಅಲ್ಲಿಂದ ಕಿಬ್ಬೊಟ್ಟೆಯ ಕೆಳಗಿನ ಮೂಳೆಯವರೆಗೆ ಟೇಪು ಹಿಡಿಯುತ್ತಾರೆ. ಕೆಲಸ ಬಲ್ಲವರು ಅಂಕಿಗಳಿರುವ ಮುಖವನ್ನು ಹೊಟ್ಟೆಯ ಕಡೆಗೆ ತಿರುಗಿಸಿ ಹಿಡಿದು, ಗುರುತಿಟ್ಟ ಮೇಲಷ್ಟೇ ತಿರುಗಿಸಿ ಓದುತ್ತಾರೆ. ಮೊದಲೇ ಅಂಕಿ ಕಂಡರೆ ಕೈ ತಾನಾಗಿಯೇ ‘ಬರಬೇಕಾದ’ ಸಂಖ್ಯೆಯ ಕಡೆಗೆ ಜರುಗುತ್ತದೆ. 24 ವಾರ ದಾಟಿದ ಮೇಲೆ ಎಷ್ಟು ವಾರವೋ ಹೆಚ್ಚುಕಡಿಮೆ ಅಷ್ಟೇ ಸೆಂಟಿಮೀಟರ್ ಬರಬೇಕು, ಎರಡು ಆಚೀಚೆ ಆದರೆ ಚಿಂತೆಯಿಲ್ಲ. 26 ವಾರಕ್ಕೆ 24ರಿಂದ 28. ಒಂದು ಸಲದ ಅಂಕಿಗಿಂತ ಮುಂದಿನ ಭೇಟಿಯಲ್ಲಿ ಅದು ಏರಿತೇ ಎಂಬುದೇ ಮುಖ್ಯ. ಏರದಿದ್ದರೆ ಅಥವಾ ಮೂರು ಸೆಂಟಿಮೀಟರಿಗಿಂತ ಹಿಂದೆ ಬಿದ್ದಿದ್ದರೆ ವೈದ್ಯರು ಸ್ಕ್ಯಾನಿಂಗ್ ಬರೆದುಕೊಡುತ್ತಾರೆ. ಅಳತೆಯನ್ನು ತಾಯಿ ಕಾರ್ಡಿನಲ್ಲಿ ಬರೆಯಿಸಿಕೊಳ್ಳಿ. ಬರೆಯದೆ ಬಿಟ್ಟರೆ ಮುಂದಿನ ಸಲ ಹೋಲಿಸಲು ಏನೂ ಇರುವುದಿಲ್ಲ.

ಈಗ ಒಳಗಿರುವವರ ಸಮಾಚಾರ. 24ನೇ ವಾರಕ್ಕೆ ಕೂಸು ಸುಮಾರು 600 ಗ್ರಾಂ ಇರುತ್ತದೆ, ತಲೆಯಿಂದ ಹಿಮ್ಮಡಿಯವರೆಗೆ 30 ಸೆಂಟಿಮೀಟರ್. 27ನೇ ವಾರ ಮುಗಿಯುವ ಹೊತ್ತಿಗೆ ನಮ್ಮ ಕಡೆಯ ಒಂದು ಕಿಲೋ ತೊಗರಿಬೇಳೆಯ ಪೊಟ್ಟಣದಷ್ಟು ತೂಗುತ್ತದೆ. ಅಂದರೆ ಇಡೀ ತಾಯಿಯ ತೂಕದಲ್ಲಿ ಕೂಸಿನ ಪಾಲು ಇನ್ನೂ ಒಂದೇ ಕಿಲೋ. ಅದು ಸೀರೆಯ ನೆರಿಗೆಯ ಹಿಂದೆ ಕಾಣದಿದ್ದರೆ ಆಶ್ಚರ್ಯವೇನು? ಮೈ ತುಂಬಿಕೊಳ್ಳುವ ಕೊಬ್ಬು ಈಗಷ್ಟೇ ಸೇರತೊಡಗಿರುತ್ತದೆ, ಚರ್ಮ ಸುಕ್ಕುಸುಕ್ಕಾಗಿ, ನವಿರು ರೋಮದಿಂದ, ಬಿಳಿ ಬೆಣ್ಣೆಯಂಥ ಲೇಪದಿಂದ ಮುಚ್ಚಿರುತ್ತದೆ. ಇಲ್ಲಿಯವರೆಗೆ ಮುಚ್ಚಿದ್ದ ರೆಪ್ಪೆಗಳು 26–28 ವಾರಗಳ ನಡುವೆ ತೆರೆದುಕೊಳ್ಳುತ್ತವೆ. ಹೊರಗಿನ ದೊಡ್ಡ ಸದ್ದಿಗೆ ಬೆಚ್ಚುತ್ತದೆ, ನಿಮ್ಮ ದನಿಯಂತೂ ಅದಕ್ಕೆ ದಿನವಿಡೀ ಕೇಳುತ್ತಿರುತ್ತದೆ. ಗರ್ಭದ ನೀರು ನುಂಗುತ್ತದೆ, ಬಿಕ್ಕುತ್ತದೆ. ಒಂದೇ ತಾಳದಲ್ಲಿ ಟಕ್ ಟಕ್ ಎಂದು ಕೆಲ ನಿಮಿಷ ಬಡಿದು ನಿಂತರೆ ಅದು ಬಿಕ್ಕಳಿಕೆ. ಶ್ವಾಸಕೋಶ ಮಾತ್ರ ಇನ್ನೂ ಕಚ್ಚಾ. ಗಾಳಿಗೂಡುಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ತಡೆಯುವ ದ್ರವ ಈಗತಾನೇ ತಯಾರಾಗಲು ಶುರುವಾಗಿರುತ್ತದೆ. ಅವಧಿಗೆ ಮುಂಚೆ ನೋವು ಕಾಣಿಸಿಕೊಂಡರೆ ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಓಡಬೇಕು ಎನ್ನುವುದು ಇದಕ್ಕೇ. 24ರಿಂದ 34 ವಾರದೊಳಗೆ ಹೆರಿಗೆ ಆಗುವಂತಿದ್ದರೆ ತಾಯಿಗೆ ಕೊಡುವ ಸ್ಟಿರಾಯ್ಡ್ ಚುಚ್ಚುಮದ್ದು ಕೂಸಿನ ಶ್ವಾಸಕೋಶವನ್ನು ಬೇಗ ಬಲಿಸುತ್ತದೆ. ಅದು ಕೆಲಸ ಮಾಡಲು ಸಮಯ ಬೇಕು.

ಕೂಸಿನ ಕ್ಷೇಮ ತಿಳಿಯಲು ನಿಮ್ಮ ಬಳಿಯೇ ಇರುವ ಸಾಧನ ಅದರ ಮಿಸುಕಾಟ. ಈ ವಾರಗಳಲ್ಲಿ ಅದಕ್ಕೊಂದು ರೂಢಿ ಬೀಳುತ್ತದೆ. ಹಗಲು ನೀವು ಕಳೆ ಕೀಳುತ್ತ, ರೊಟ್ಟಿ ಬಡಿಯುತ್ತ ಓಡಾಡುವಾಗ ಗಮನಕ್ಕೆ ಬಾರದಿದ್ದದ್ದು ರಾತ್ರಿ ಮಲಗಿದ ಕೂಡಲೇ ಒದೆಯತೊಡಗುತ್ತದೆ. ಮಾಸು ಗರ್ಭಕೋಶದ ಮುಂಭಾಗಕ್ಕೆ ಅಂಟಿಕೊಂಡಿದ್ದರೆ ಒದೆತ ಮಂದವಾಗಿ ತಿಳಿಯುತ್ತದೆ, ಇದು ಸ್ಕ್ಯಾನಿಂಗ್ ವರದಿಯಲ್ಲಿ ಬರೆದಿರುತ್ತದೆ. ದಿನಕ್ಕೆ ಇಷ್ಟೇ ಸಲ ಎಂಬ ಲೆಕ್ಕ ಈಗ ಬೇಡ. ನಿಮ್ಮ ಕೂಸಿನ ರೂಢಿ ನಿಮಗೆ ಗೊತ್ತಿರಲಿ. ಅದು ಎದ್ದು ಕಾಣುವಂತೆ ಕಡಿಮೆಯಾದರೆ ಅದೇ ದಿನ ತೋರಿಸಿ. 24 ವಾರ ಕಳೆದರೂ ಒಮ್ಮೆಯೂ ಮಿಸುಕಾಟ ತಿಳಿಯದಿದ್ದರೂ ಹಾಗೆಯೇ.

ನೀವು ಬರೆದ ಉಳಿದ ತೊಂದರೆಗಳು ಕೂಸಿನವಲ್ಲ, ನಿಮ್ಮವು. ಸಂಜೆಯ ಪಾದದ ಬಾವು ಗರ್ಭಕೋಶ ಕಾಲಿನ ರಕ್ತನಾಳಗಳನ್ನು ಒತ್ತುವುದರಿಂದ ಬರುತ್ತದೆ, ಬೆಳಿಗ್ಗೆಗೆ ಇಳಿದರೆ ಚಿಂತೆ ಬೇಡ. ಮೀನಖಂಡ ಹಿಡಿದಾಗ ಕಾಲು ಚಾಚಿ ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆದು ಹಿಡಿಯಿರಿ. ಒಂದೇ ಕಾಲು ಬಾತು, ಬಿಸಿಯಾಗಿ, ಕೆಂಪಾಗಿದ್ದರೆ ಮಾತ್ರ ತಿಕ್ಕಬೇಡಿ, ವೈದ್ಯರಿಗೆ ತೋರಿಸಿ. ಮಲಗುವುದು ಮಗ್ಗುಲಾಗಿ, ಎಡಕ್ಕಾದರೆ ಇನ್ನೂ ಒಳ್ಳೆಯದು. ಅಂಗಾತ ಮಲಗಿದಾಗ ತಲೆ ತಿರುಗುವುದು ಹೊಟ್ಟೆಯ ಭಾರ ದೊಡ್ಡ ರಕ್ತನಾಳದ ಮೇಲೆ ಬೀಳುವುದರಿಂದ. ಎದೆಯುರಿ, ಮಲಬದ್ಧತೆ, ಹೊಕ್ಕುಳಿನಿಂದ ಕೆಳಕ್ಕೆ ಇಳಿಯುವ ಕಪ್ಪು ಗೆರೆ, ಕುಪ್ಪಸಕ್ಕೆ ಒಂದೆರಡು ಹನಿ ಹಾಲು, ಆಗೊಮ್ಮೆ ಈಗೊಮ್ಮೆ ಹೊಟ್ಟೆ ಕಲ್ಲಾಗಿ ಸಡಿಲವಾಗುವುದು ಎಲ್ಲವೂ ಈ ಕಾಲದವೇ. ರಾತ್ರಿಯೂಟಕ್ಕೆ ಕೆಂಪು ಖಾರದ ಚಟ್ನಿ ಕಡಿಮೆ ಮಾಡಿ, ಉಂಡ ತಕ್ಷಣ ಮಲಗಬೇಡಿ. ಹೊಟ್ಟೆಯ ಚರ್ಮದ ತುರಿಕೆಗೆ ಕೊಬ್ಬರಿ ಎಣ್ಣೆ ಸಾಕು. ಅಂಗೈ, ಅಂಗಾಲು ರಾತ್ರಿ ಹೊತ್ತು ವಿಪರೀತ ತುರಿಸಿದರೆ ಅದು ಲಿವರಿನ ತೊಂದರೆ ಇರಬಹುದು, ರಕ್ತ ಪರೀಕ್ಷೆ ಆಗಬೇಕು.

ನಿಮ್ಮ ಪತ್ರದಲ್ಲಿ ನನಗೆ ಹೊಟ್ಟೆಗಿಂತ ಹೆಚ್ಚು ಚಿಂತೆ ಹುಟ್ಟಿಸಿದ್ದು ಆ ದಮ್ಮು. ಸ್ವಲ್ಪ ಏದುಸಿರು ಸಹಜ, ಆದರೆ ನಾಲ್ಕು ಹೆಜ್ಜೆಗೇ ಬರುವುದಾದರೆ ಹಿಮೋಗ್ಲೋಬಿನ್ ನೋಡಿಸಲೇಬೇಕು. ಬಸಿರಿನಲ್ಲಿ ಮೈಯ ರಕ್ತದ ಪ್ರಮಾಣ ಶೇ 40ರಿಂದ 50ರಷ್ಟು ಹೆಚ್ಚುತ್ತದೆ. ಆದರೆ ಅದರ ನೀರಿನ ಅಂಶ ಏರಿದಷ್ಟು ಕೆಂಪು ಕಣಗಳು ಏರುವುದಿಲ್ಲ, ರಕ್ತ ತೆಳುವಾಗುತ್ತದೆ. ಮೊದಲೇ ಕಬ್ಬಿಣ ಕಡಿಮೆಯಿದ್ದ ಹೆಣ್ಣುಮಗಳು ಈ ತಿಂಗಳುಗಳಲ್ಲಿ ಕುಸಿಯುತ್ತಾಳೆ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿಳಿದರೆ ಆಸ್ಪತ್ರೆಗೆ ಸೇರಿಸಬೇಕಾದ ಸ್ಥಿತಿ. ಮಣ್ಣು, ಬಳಪ, ಇದ್ದಿಲು ತಿನ್ನಬೇಕೆನಿಸುತ್ತಿದ್ದರೆ ನಾಚದೆ ಹೇಳಿಬಿಡಿ, ಆ ಬಯಕೆಯ ಹಿಂದೆ ಅನೇಕ ಸಲ ಇದೇ ಕೊರತೆ ಇರುತ್ತದೆ.

ಸರ್ಕಾರಿ ಕೇಂದ್ರದಲ್ಲಿ ಕೊಡುವ ಕೆಂಪು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇದೆ. ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ ನುಂಗಬೇಕು. ಅದು ಎಷ್ಟೋ ಮನೆಗಳಲ್ಲಿ ಮಾಡದ ಮೇಲಿನ ಡಬ್ಬಿಯಲ್ಲಿ ಹಾಗೆಯೇ ಉಳಿಯುತ್ತದೆ. ಗುಳಿಗೆ ನುಂಗಿದರೆ ಕೂಸು ಕಪ್ಪಾಗುತ್ತದೆ ಎಂಬ ಭಯ ಒಂದು ಕಡೆ, ಕೂಸು ದಪ್ಪವಾಗಿ ಹೆರಿಗೆ ಕಷ್ಟವಾದೀತು ಎಂಬ ಅತ್ತೆಯವರ ಮುನ್ನೆಚ್ಚರಿಕೆ ಇನ್ನೊಂದು ಕಡೆ. ಕಪ್ಪಾಗುವುದು ಮಲ ಮಾತ್ರ. ಊಟ ಕಡಿಮೆ ಮಾಡಿದರೆ ಹೆರಿಗೆ ಸುಲಭವಾಗುವುದಿಲ್ಲ, ಹೆರುವ ಶಕ್ತಿ ಕಡಿಮೆಯಾಗುತ್ತದೆ. ಹೊಟ್ಟೆ ಕಾಣುವುದಿಲ್ಲ ಎನ್ನುವವರೇ ಕಡಿಮೆ ತಿನ್ನು ಎಂದೂ ಹೇಳುವುದು ವಿಚಿತ್ರ. ಗುಳಿಗೆಯ ಹಿಂದುಮುಂದೆ ಒಂದು ಗಂಟೆ ಚಹಾ ಬೇಡ, ಅದು ಕಬ್ಬಿಣ ಮೈಗೆ ಹತ್ತದಂತೆ ಮಾಡುತ್ತದೆ. ಕ್ಯಾಲ್ಸಿಯಂ ಗುಳಿಗೆಯನ್ನೂ ಇದರ ಜೊತೆ ನುಂಗದೆ ಎರಡು ಗಂಟೆ ಬಿಟ್ಟು ತೆಗೆದುಕೊಳ್ಳಿ. ವಾಕರಿಕೆ ಬಂದರೆ ರಾತ್ರಿ ಊಟದ ನಂತರ ನುಂಗಿ. ನುಂಗಲು ಆಗುವುದೇ ಇಲ್ಲವೆಂದರೆ ರಕ್ತನಾಳಕ್ಕೆ ಕೊಡುವ ಕಬ್ಬಿಣದ ಚುಚ್ಚುಮದ್ದು ಇದೆ. ಊಟಕ್ಕೆ ದೂರ ಹೋಗಬೇಕಿಲ್ಲ: ಜೋಳದ ಅಥವಾ ಸಜ್ಜೆಯ ರೊಟ್ಟಿ, ತೊಗರಿಬೇಳೆ, ಮೊಳಕೆ ಹೆಸರು, ಪುಂಡಿ ಪಲ್ಯ, ಶೇಂಗಾ, ಮೇಲೊಂದಿಷ್ಟು ನಿಂಬೆರಸ. ಅಂಗನವಾಡಿಯಲ್ಲಿ 2017ರಿಂದ ನಡೆಯುತ್ತಿರುವ ಮಾತೃಪೂರ್ಣ ಯೋಜನೆಯಲ್ಲಿ ಊಟದ ಜೊತೆ ಮೊಟ್ಟೆ, ಹಾಲು, ಚಿಕ್ಕಿ ಇವೆ. ಅದು ನಿಮ್ಮ ಪಾಲು, ಸಂಕೋಚಪಡಬೇಡಿ. ಶ್ರಾವಣ ಸೋಮವಾರದ ಉಪವಾಸ ಈ ವರ್ಷ ಬೇರೆಯವರು ಮಾಡಲಿ.

24ರಿಂದ 28 ವಾರದೊಳಗೆ ಸಕ್ಕರೆ ಪರೀಕ್ಷೆಯೂ ಆಗಬೇಕು. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತ ತೆಗೆಯುತ್ತಾರೆ, ಅಂಕಿ 140 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಬಸಿರಿನ ಮಧುಮೇಹ. ತೆಳ್ಳಗಿದ್ದವರಿಗೆ ಬರುವುದಿಲ್ಲ ಎಂದು ತಪ್ಪಿಸಿಕೊಳ್ಳಬೇಡಿ.

ಕಾಯಬಾರದ ಕೆಲವು ಲಕ್ಷಣಗಳಿವೆ: ಮುಖ, ಕೈ ಬಾತು ಬಳೆ ಬಿಗಿಯಾಗುವುದು, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಎದೆಗೂಡಿನ ಕೆಳಗೆ ನೋವು. ಇವು ಬಿಪಿ ಏರಿರುವ ಸೂಚನೆ, 140/90 ಮುಟ್ಟಿದರೆ ಮೂತ್ರ ಪರೀಕ್ಷೆಯೂ ಆಗಬೇಕು. ರಕ್ತ ಕಂಡರೆ, ನೀರು ಸೋರಿದರೆ, ಜ್ವರ ಬಂದರೆ, ಹೊಟ್ಟೆ ಕಲ್ಲಾಗುವುದು ಗಡಿಯಾರ ಹಿಡಿದಂತೆ ಮತ್ತೆ ಮತ್ತೆ ಬರುತ್ತಿದ್ದರೆ 108ಕ್ಕೆ ಕರೆ ಮಾಡಿ.

ತವರಿನ ವಿಚಾರ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದರಲ್ಲಿ ತಪ್ಪೇನಿಲ್ಲ, ಆದರೆ ನಮ್ಮಲ್ಲಿ ಬಸುರಿ ಹೋಗುತ್ತಾಳೆ, ಕಾಗದಗಳು ಗಂಡನ ಮನೆಯ ಟ್ರಂಕಿನಲ್ಲಿ ಉಳಿಯುತ್ತವೆ. ಅಲ್ಲಿನ ವೈದ್ಯರಿಗೆ ನಿಮ್ಮ ಹಳೆಯ ಬಿಪಿ, ಹಿಮೋಗ್ಲೋಬಿನ್, ಮೊದಲ ಸ್ಕ್ಯಾನಿಂಗಿನ ದಿನ ಏನೂ ತಿಳಿಯದೆ ಎಲ್ಲವನ್ನೂ ಹೊಸದಾಗಿ ಊಹಿಸಬೇಕಾಗುತ್ತದೆ. ತಾಯಿ ಕಾರ್ಡು, ಎಲ್ಲ ವರದಿ, ಉಳಿದ ಗುಳಿಗೆ ನಿಮ್ಮ ಕೈಚೀಲದಲ್ಲೇ ಇರಲಿ. ಹೊರಡುವ ಮುನ್ನ ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ಹೇಳಿ, ಮುಟ್ಟಿದ ವಾರದಲ್ಲೇ ತವರಿನ ಆಶಾ ಬಳಿ ಹೆಸರು ಬರೆಸಿ. ಸುರಪುರದಿಂದ ಕಲಬುರಗಿ ಹಾದು ಹುಮನಾಬಾದ್ ಸಣ್ಣ ದಾರಿಯಲ್ಲ. ಬಸ್ಸಿನ ಹಿಂದಿನ ಸೀಟು ಬೇಡ, ಕಲಬುರಗಿಯಲ್ಲಿ ಇಳಿದು ಸ್ವಲ್ಪ ನಡೆದಾಡಿ, ನೀರು ಕುಡಿದು ಮುಂದಿನ ಬಸ್ ಹಿಡಿಯಿರಿ.

ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಾಲ್ಕು ತಿಂಗಳು ದಾಟಿದ ಬಸುರಿಯರನ್ನು ವೈದ್ಯರೇ ಉಚಿತವಾಗಿ ಪರೀಕ್ಷಿಸುತ್ತಾರೆ. 2016ರಿಂದ ಇದು ದೇಶದೆಲ್ಲೆಡೆ ಇದೆ. ದಮ್ಮಿನ ಕಾರಣಕ್ಕೆ ನೀವು ಆ ತಾರೀಖಿಗೂ ಕಾಯಬೇಡಿ. ಕುಬಸಕ್ಕೆ ಮೊದಲೇ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಹಿಮೋಗ್ಲೋಬಿನ್, ಬಿಪಿ, ತೂಕ, ಟೇಪಿನ ಅಳತೆ ನಾಲ್ಕನ್ನೂ ಬರೆಯಿಸಿಕೊಂಡು ಬನ್ನಿ.