ಬ್ರೇಕ್ ಬಯಾಸ್ ಅಂದ್ರೆ ಏನು? ಗಾಡಿ ಡೌನ್ ಮಾಡಿಸೋ ಮುಂಚೆ ಓದಿ

ಹಳೆ ಕಾರು ತಂದು ಪ್ರಾಜೆಕ್ಟ್ ಶುರು ಮಾಡಿದವರ ತಲೆಯಲ್ಲಿ ಎರಡು ಕೆಲಸ ಇದ್ದೇ ಇರುತ್ತವೆ. ಒಂದು, ದೊಡ್ಡ ಬ್ರೇಕ್ ಹಾಕಿಸೋದು. ಇನ್ನೊಂದು, ಗಾಡಿ ಡೌನ್ ಮಾಡಿಸೋದು, ಅಂದರೆ ಸ್ಪ್ರಿಂಗ್ ಬದಲಿಸಿ ಬಾಡಿಯನ್ನು ನೆಲಕ್ಕೆ ಹತ್ತಿರ ಇಳಿಸೋದು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ ಅಂದುಕೊಂಡೇ ಎರಡನ್ನೂ ಮಾಡಿಸುತ್ತಾರೆ. ನಾನೂ ನನ್ನ ಗೆಳೆಯನೂ ಹಾಗೇ ಮಾಡಿ ಕೈ ಸುಟ್ಟುಕೊಂಡೆವು. ಬ್ರೇಕ್ ಬಯಾಸ್ ಅನ್ನೋ ಪದ ಆಗ ನಮಗೆ ಗೊತ್ತಿರಲಿಲ್ಲ.

ಅರ್ಥ ಸುಲಭ. ಪೆಡಲ್ ತುಳಿದಾಗ ಸಿಗುವ ಬ್ರೇಕಿನಲ್ಲಿ ಮುಂದಿನ ಚಕ್ರಗಳ ಪಾಲೆಷ್ಟು, ಹಿಂದಿನವುಗಳ ಪಾಲೆಷ್ಟು ಅನ್ನೋ ಲೆಕ್ಕವೇ ಬಯಾಸ್. 70:30 ಅಂದರೆ ಮುಂದೆ 70, ಹಿಂದೆ 30. ಗ್ಯಾರೇಜಿನಲ್ಲಿ ಈ ಪದ ಅಷ್ಟಾಗಿ ಕಿವಿಗೆ ಬೀಳಲ್ಲ. "ಮುಂದೆ ಜಾಸ್ತಿ ಹಿಡೀತಿದೆ, ಹಿಂದೆ ಹಿಡೀತಾನೇ ಇಲ್ಲ ಸಾರ್" ಅಂತಾರಲ್ಲ, ಅದೇ ಇದು.

ಸಮಪಾಲು ಯಾಕೆ ಮಾಡಲ್ಲ? ಬಸ್ಸಿನ ಡ್ರೈವರ್ ಗಕ್ಕನೆ ಬ್ರೇಕ್ ಹೊಡೆದರೆ ನಿಂತವರೆಲ್ಲ ಮುಂದಕ್ಕೆ ವಾಲುತ್ತಾರೆ. ಕಾರಿನ ಭಾರವೂ ಹಾಗೇ ಮುಂದಕ್ಕೆ ಹೋಗುತ್ತೆ. ನಮ್ಮದು ಮಾರುತಿ 800, 97ರ ಮಾಡೆಲ್, ಮುಂದೆ ಡಿಸ್ಕ್, ಹಿಂದೆ ಡ್ರಮ್. ಡ್ರೈವರ್ ಸೇರಿ 750 ಕೆ.ಜಿ. ಅಂತ ಇಟ್ಟುಕೊಳ್ಳಿ. ನಿಂತಿದ್ದಾಗ ಮುಂದೆ ಸುಮಾರು 450, ಹಿಂದೆ 300. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ದೂರ 2175 ಮಿ.ಮೀ. ಕಾರಿನ ಭಾರದ ಕೇಂದ್ರ ನೆಲದಿಂದ ಅರ್ಧ ಮೀಟರ್ ಮೇಲಿದೆ ಅಂದುಕೊಂಡು, ಒಣ ರಸ್ತೆಯಲ್ಲಿ ಜೋರಾಗಿ, ಅಂದರೆ 0.8 ಜಿ (ಗುರುತ್ವದ ಸೆಳೆತದ 0.8 ಪಾಲು) ಲೆಕ್ಕದಲ್ಲಿ ಬ್ರೇಕ್ ಹೊಡೆದರೆ, ಸುಮಾರು 138 ಕೆ.ಜಿ. ಹಿಂದಿನಿಂದ ಮುಂದಕ್ಕೆ ಹೋಗುತ್ತೆ. ಆಗ ಮುಂದೆ 588, ಹಿಂದೆ ಬರೀ 162. ಭಾರ ಇಲ್ಲದ ಟೈರಿಗೆ ಹಿಡಿತವೂ ಇಲ್ಲ, ಅದಕ್ಕೇ ಹಿಂದೆ ಕಮ್ಮಿ ಬ್ರೇಕ್. ಆಗುಂಬೆ ಘಾಟಿ ಇಳಿಯುವಾಗಲಂತೂ ಇಳಿಜಾರೇ ಇನ್ನಷ್ಟು ಭಾರವನ್ನು ಮುಂದಕ್ಕೆ ತಳ್ಳುತ್ತೆ.

ಈಗ ಅದೇ ಕಾರನ್ನು 40 ಮಿ.ಮೀ. ಕೆಳಗಿಳಿಸಿ. 138 ಇದ್ದದ್ದು 127 ಆಗುತ್ತೆ. ಹನ್ನೊಂದು ಕೆ.ಜಿ., ಅಷ್ಟೇ! ಡೌನ್ ಮಾಡಿಸಿದ ಮೇಲೆ ಬ್ರೇಕ್ ಹೊಡೆದಾಗ ಮೂತಿ ಕುಸಿಯಲ್ಲ, ಭಾರ ಮುಂದಕ್ಕೆ ಬರೋದೇ ನಿಂತುಹೋಯ್ತು ಅಂತ ಹೇಳೋರಿದ್ದಾರೆ. ಅದು ಗಟ್ಟಿ ಸ್ಪ್ರಿಂಗಿನ ಆಟ. ಮೂತಿ ಕುಸಿಯದಿದ್ದರೂ ಭಾರ ಬಂದೇ ಬರುತ್ತೆ. (ಗ್ರೈಂಡರ್ ಹಿಡಿದು ಸ್ಪ್ರಿಂಗಿನ ಒಂದೂವರೆ ಸುತ್ತು ಕಟ್ ಮಾಡಿಸೋರಿಗೆ ಒಂದು ಮಾತು: ಚಕ್ರ ಹಳ್ಳಕ್ಕಿಳಿದಾಗ ಆ ತುಂಡು ಸ್ಪ್ರಿಂಗ್ ತನ್ನ ಜಾಗದಿಂದ ಜಾರಬಹುದು. ನಮ್ಮೂರಿನ ಹಂಪ್‌ಗಳಿಗೆ ಆಯಿಲ್ ಚೇಂಬರ್ ಬಡಿಯೋ ಕಥೆ ಬೇರೆ.)

ಬಯಾಸ್ ನಿಜವಾಗಿ ಕೆಡೋದು ದೊಡ್ಡ ಬ್ರೇಕ್ ಹಾಕಿದಾಗ. ನಾವು ಬೆಂಗಳೂರಿನ ಜೆ.ಸಿ. ರೋಡಲ್ಲಿ ದೊಡ್ಡ ಕಾರಿನ ಡಿಸ್ಕ್, ಅದನ್ನು ಪ್ಯಾಡಿನಿಂದ ಅದುಮಿ ಹಿಡಿಯೋ ಕ್ಯಾಲಿಪರ್ ಹುಡುಕಿ ತಂದೆವು, 12 ಇಂಚಿನ ರಿಮ್ಮಿನೊಳಗೆ ಕೂರಲ್ಲ ಅಂತ 13 ಇಂಚಿನ ಚಕ್ರಗಳನ್ನೂ ತಂದೆವು. ಕ್ಯಾಲಿಪರ್ ಪಿಸ್ಟನ್ನಿನ ವ್ಯಾಸ 48 ಮಿ.ಮೀ. ಇದ್ದದ್ದು 54 ಆದರೆ ನೋಡೋಕೆ ಸಣ್ಣ ವ್ಯತ್ಯಾಸ, ಆದರೆ ವಿಸ್ತೀರ್ಣ ಕಾಲು ಭಾಗಕ್ಕಿಂತ ಜಾಸ್ತಿ ಏರುತ್ತೆ. ಮುಂದಿನ ಬ್ರೇಕಿನ ಬಲವೂ ಅಷ್ಟೇ ಏರುತ್ತೆ, ಹಿಂದಿನದು ಇದ್ದಲ್ಲೇ ಇರುತ್ತೆ. ಪೆಡಲ್ ತುಳಿದಾಗ ಬ್ರೇಕ್ ಆಯಿಲನ್ನು ತಳ್ಳೋ ಮಾಸ್ಟರ್ ಸಿಲಿಂಡರ್ ಹಳೇದೇ ಆದ್ದರಿಂದ ಆ ದೊಡ್ಡ ಪಿಸ್ಟನ್ ತಳ್ಳೋಕೆ ಪೆಡಲ್ ಇನ್ನೂ ಆಳಕ್ಕೆ ಹೋಗಬೇಕು. ಫಲ ಏನು? ಮುಂದಿನ ಚಕ್ರ ಬೇಗ ಲಾಕ್ ಆಗಿ, ಅಂದರೆ ಗಾಡಿ ನಿಲ್ಲೋ ಮುಂಚೆಯೇ ತಿರುಗೋದು ನಿಂತು, ಜಾರುತ್ತಿತ್ತು, ಹಿಂದಿನವು ಸುಮ್ನೆ ಉರುಳುತ್ತಿದ್ದವು, ಗಾಡಿ ಮೊದಲಿಗಿಂತ ಒಂದಡಿಯೂ ಬೇಗ ನಿಲ್ಲಲಿಲ್ಲ. ಕೊನೆಗೆ ಗಾಡಿ ನಿಲ್ಲಿಸೋದು ಟೈರು ತಾನೇ? ದೊಡ್ಡ ಡಿಸ್ಕಿನಿಂದ ಬರೋ ನಿಜವಾದ ಲಾಭ ಬಿಸಿ ತಡೆಯೋದು. ಘಾಟಿಯಲ್ಲಿ ಪದೇ ಪದೇ ಬ್ರೇಕ್ ಹಿಡಿದರೂ ಬೇಗ ಸೋಲಲ್ಲ.

ಇಲ್ಲಿಗೆ ಬಿಟ್ಟಿದ್ದರೆ ಸರಿಹೋಗುತ್ತಿತ್ತು. ಹಿಂದೆಯೂ ಹಿಡಿಯಲಿ ಅಂತ ಡ್ರಮ್ಮಿನೊಳಗೆ ಬ್ರೇಕ್ ಶೂಗಳನ್ನು ತಳ್ಳೋ ವೀಲ್ ಸಿಲಿಂಡರನ್ನೂ ದೊಡ್ಡದು ಹಾಕಿಸಿದೆವು. ಮನೆಗಳೇ ಇಲ್ಲದ ಒಂದು ಹೊಸ ಲೇಔಟಿನ ರಸ್ತೆಯಲ್ಲಿ, ಐವತ್ತರ ಸ್ಪೀಡಲ್ಲಿ ಗೆಳೆಯ ಬ್ರೇಕ್ ಹೊಡೆದ. ಹಿಂಭಾಗ ಬಲಕ್ಕೆ ಬಂತು, ಇನ್ನೂ ಬಂತು, ಗಾಡಿ ನಾವು ಬಂದ ದಾರಿಗೇ ಮುಖ ಮಾಡಿ ನಿಂತಿತು. ಧೂಳು ಇಳಿಯೋ ತನಕ ಇಬ್ಬರೂ ಮಾತಾಡಲಿಲ್ಲ. ಲಾಕ್ ಆದ ಟೈರು ಅಡ್ಡಕ್ಕೆ ಜಾರೋದನ್ನು ತಡೆಯಲಾರದು. ಮುಂದಿನವು ಲಾಕ್ ಆದರೆ ಸ್ಟೀರಿಂಗ್ ಕೇಳಲ್ಲ, ಆದರೆ ಗಾಡಿ ನೇರ ಹೋಗುತ್ತೆ. ಹಿಂದಿನವು ಮೊದಲು ಲಾಕ್ ಆದರೆ ಬುಗುರಿ ಥರ ತಿರುಗುತ್ತೆ. ಅದಕ್ಕೇ ಕಂಪನಿಗಳು ಬಯಾಸ್ ಅನ್ನು ಬೇಕಂತಲೇ ಸ್ವಲ್ಪ ಮುಂದಕ್ಕೆ ಇಟ್ಟಿರುತ್ತವೆ.

ಡೌನ್ ಮಾಡಿಸೋರು ನೋಡಲೇಬೇಕಾದ ಇನ್ನೊಂದು ಪಾರ್ಟ್ ಇದೆ, ಎಲ್‌ಎಸ್‌ಪಿವಿ (ಲೋಡ್ ಸೆನ್ಸಿಂಗ್ ಪ್ರಪೋರ್ಷನಿಂಗ್ ವಾಲ್ವ್). ಜಿಪ್ಸಿ, ಪಿಕಪ್‌ನಂಥ ಗಾಡಿಗಳಲ್ಲಿ ಹಿಂದಿನ ಆ್ಯಕ್ಸಲಿಗೂ ಬಾಡಿಗೂ ನಡುವೆ ಒಂದು ಸಣ್ಣ ಸ್ಪ್ರಿಂಗೋ ಸರಳೋ ಕಾಣುತ್ತೆ ನೋಡಿ, ಅದರ ತುದಿಯಲ್ಲಿರೋ ವಾಲ್ವ್ ಇದು. ಹಿಂದೆ ಲೋಡ್ ಹಾಕಿದಾಗ ಬಾಡಿ ಕೆಳಗೆ ಕೂರುತ್ತೆ, ಆಗ ವಾಲ್ವ್ ಹಿಂದಿನ ಬ್ರೇಕಿಗೆ ಜಾಸ್ತಿ ಪ್ರೆಶರ್ ಬಿಡುತ್ತೆ. ನೀವು ಸ್ಪ್ರಿಂಗ್ ಬದಲಿಸಿ ಬಾಡಿ ಇಳಿಸಿದರೆ ಅದು ಪಾಪ, ಗಾಡಿ ತುಂಬ ಲೋಡ್ ಇದೆ ಅಂದುಕೊಳ್ಳುತ್ತೆ! ಖಾಲಿ ಗಾಡಿಯಲ್ಲಿ ಹಿಂದೆ ಜಾಸ್ತಿ ಬ್ರೇಕ್. ನಮ್ಮ ಲೇಔಟಿನ ಕಥೆಯೇ ಮತ್ತೆ. ಲಿಫ್ಟ್ ಮಾಡಿಸಿದ ಜಿಪ್ಸಿಯಲ್ಲಿ ಇದರ ಉಲ್ಟಾ, ಹಿಂದೆ ಕಮ್ಮಿ ಆಗುತ್ತೆ. ಎತ್ತರ ಬದಲಾದ ಮೇಲೆ ಆ ಸರಳನ್ನು ಮತ್ತೆ ಹೊಂದಿಸಲೇಬೇಕು.

ಕಾನೂನಿನ ವಿಷಯವನ್ನೂ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸೋ ಹಾಗಿಲ್ಲ. ಟ್ರ್ಯಾಕಿಗೆ ಅಂತಲೇ ಇಟ್ಟ ಗಾಡಿ ಬೇರೆ, ದಿನಾ ಆಫೀಸಿಗೆ ಓಡಿಸೋ ಗಾಡಿ ಬೇರೆ.

ನಮ್ಮ 800ಕ್ಕೆ ಕೊನೆಗೆ ಹಳೇ ಕ್ಯಾಲಿಪರ್, ಹಳೇ ಸಿಲಿಂಡರ್ ವಾಪಸ್ ಬಂದವು. ಜೊತೆಗೆ ಹೊಸ ಪ್ಯಾಡ್, ಹೊಸ ಬ್ರೇಕ್ ಆಯಿಲ್, ಒಳ್ಳೆ ಟೈರು. ಅದೇ ಲೇಔಟಿಗೆ ಮತ್ತೆ ಹೋದೆವು, ಈ ಸಲ ಮೂವತ್ತರಲ್ಲಿ. ಟೈರಿನ ಪಕ್ಕಕ್ಕೆ ಸೀಮೆಸುಣ್ಣದಲ್ಲಿ ದಪ್ಪ ಗೆರೆ ಎಳೆದು, ನಾನು ದೂರ ನಿಂತು ಮೊಬೈಲಲ್ಲಿ ವಿಡಿಯೋ ಮಾಡಿದೆ. ನಿಧಾನ ಮಾಡಿ ನೋಡಿದರೆ ಮುಂದಿನ ಗೆರೆ ಮೊದಲು ನಿಂತಿತು. ಹಿಂದಿನದು ಇನ್ನರ್ಧ ಸುತ್ತು ಹೊಡೆದು ಆಮೇಲೆ ನಿಂತಿತು.