ಒಣ ಹೆಸರುಕಾಳು ‘ನಿರ್ಜೀವಿ’ಯಲ್ಲ

ಕಲ್ಲು, ಮರದ ಕುರ್ಚಿ, ಉದುರಿದ ಎಲೆ, ಒಣ ಬೀಜ. ‘ನಿರ್ಜೀವಿಗಳಿಗೆ ಉದಾಹರಣೆ ಕೊಡಿ’ ಎಂದರೆ ಶಾಲೆಗಳಲ್ಲಿ ಈ ನಾಲ್ಕನ್ನೂ ಒಂದೇ ಸಾಲಿನಲ್ಲಿ ಬರೆಸುವುದು ಇನ್ನೂ ನಿಂತಿಲ್ಲ. ತಪ್ಪು ಶುರುವಾಗುವುದೇ ‘ನಿರ್ಜೀವಿ’ ಎಂಬ ಪದದಲ್ಲಿ.

‘ಜೀವಿ’ ಎಂದರೇ ಜೀವ ಉಳ್ಳದ್ದು. ಜೀವವಿಲ್ಲದ್ದನ್ನು ಹೇಳಲು ‘ನಿರ್ಜೀವ’ ಸಾಕು, ಅದರ ಬಾಲಕ್ಕೆ ‘ಇ’ಕಾರ ಬೇಕಿಲ್ಲ. ‘ನಿರ್ದೋಷಿ’, ‘ನಿರಪರಾಧಿ’ಗಳೂ ಇದೇ ಅಚ್ಚಿನವಲ್ಲವೇ ಎನ್ನಬಹುದು. ಹೌದು, ಆದರೆ ಅವು ಮನುಷ್ಯರಿಗೆ ಹೇಳುವ ಮಾತು, ಅರ್ಥ ಕೆಡುವುದಿಲ್ಲ. ‘ನಿರ್ಜೀವಿ’ಯಲ್ಲಿ ಕೆಡುತ್ತದೆ, ಕಲ್ಲೂ ಒಂದು ಬಗೆಯ ಜೀವಿ ಎಂಬಂತೆ ಕೇಳಿಸುತ್ತದೆ. ಇನ್ನು ‘ನಿರ್ಜೀವ’ ಸರಿಯಾದ ಪದವೇ ಆದರೂ ಅದು ಪ್ರಾಣ ಹೋದ ದೇಹಕ್ಕೂ ಸಲ್ಲುತ್ತದೆ, ಪ್ರಾಣವೇ ಇರದಿದ್ದ ಕಲ್ಲಿಗೂ ಸಲ್ಲುತ್ತದೆ. ಹಾಗಾಗಿ ಬಿಡಿಸಿ ಹೇಳಬೇಕು: ಕಲ್ಲು ಜಡ. ಉದುರಿ ಒಣಗಿದ ಎಲೆ ಸತ್ತದ್ದು. ಮರದ ಕುರ್ಚಿಯೂ ಸತ್ತದ್ದೇ, ಅದರಲ್ಲಿ ಉಳಿದಿರುವುದು ಜೀವಕೋಶಗಳ ಗೋಡೆ ಮಾತ್ರ. ಬೀಜ ಸುಪ್ತ, ಅಂದರೆ ನಿದ್ದೆಯಲ್ಲಿದ್ದಂತೆ ಬದುಕಿದೆ.

ಅನುಮಾನವಿದ್ದರೆ ಹೆಸರುಕಾಳನ್ನು ಎಂಟು ಗಂಟೆ ನೆನೆಸಿ, ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿ. ಒಂದೂವರೆ ದಿನದೊಳಗೆ ಬಿಳಿ ಮೊಳಕೆ ಇಣುಕುತ್ತದೆ. ಪಕ್ಕದಲ್ಲೇ ಚೆನ್ನಾಗಿ ಹುರಿದ ಕಾಳನ್ನೂ ನೆನೆಸಿ. ಅದೂ ನೀರು ಹೀರಿ ಉಬ್ಬುತ್ತದೆ, ಆದರೆ ಮೊಳೆಯುವುದಿಲ್ಲ. ಬಿಸಿಗೆ ಅದರ ಕಿಣ್ವಗಳು, ಅಂದರೆ ಜೀವಕೋಶದ ರಾಸಾಯನಿಕ ಕೆಲಸ ನಡೆಸುವ ಪ್ರೋಟೀನುಗಳು, ಕೆಟ್ಟು ಒಳಗಿನ ಎಳೆಸಸಿ (ಭ್ರೂಣ) ಸತ್ತಿದೆ. ಉಬ್ಬುವುದು ಬೇರೆ, ಬೆಳೆಯುವುದು ಬೇರೆ. ನೀರು ಬಸಿಯದೆ ಎರಡು ದಿನ ಬಿಟ್ಟರೆ ಹಸಿಕಾಳೂ ಹುಳಿ ವಾಸನೆ ಬಂದು ಕೊಳೆಯುತ್ತದೆ, ಮುಳುಗಿದ ಕಾಳಿಗೆ ಸಾಕಷ್ಟು ಆಮ್ಲಜನಕ ಸಿಗುವುದಿಲ್ಲ. ಮೂಗು, ಶ್ವಾಸಕೋಶ ಇಲ್ಲದ್ದಕ್ಕೂ ಶ್ವಸನ ಉಂಟು. ಶ್ವಸನವೆಂದರೆ ಜೀವಕೋಶದೊಳಗೆ ಆಹಾರದಿಂದ ಶಕ್ತಿ ಬಿಡಿಸಿಕೊಳ್ಳುವ ಕೆಲಸ, ಗಾಳಿ ಎಳೆದು ಬಿಡುವ ಉಸಿರಾಟವಲ್ಲ. ಇಸ್ರೇಲಿನ ಮಸಾಡಾ ಕೋಟೆಯಲ್ಲಿ ಸಿಕ್ಕ, ಸುಮಾರು 2000 ವರ್ಷ ಹಳೆಯ ಖರ್ಜೂರದ ಬೀಜ 2005ರಲ್ಲಿ ಮೊಳೆತಿದೆ. ಅಷ್ಟು ಕಾಲ ಅದನ್ನು ಜಡ ವಸ್ತುಗಳ ಪಟ್ಟಿಗೆ ಸೇರಿಸಿದ್ದರೆ?

‘ಬೆಳೆಯುವುದೆಲ್ಲ ಜೀವಿ’ ಎಂಬುದೂ ಅರೆಬೆಂದ ಮಾತು. ಗಟ್ಟಿ ಸಕ್ಕರೆ ಪಾಕದಲ್ಲಿ ಇಳಿಬಿಟ್ಟ ದಾರದ ಮೇಲೆ ಕಲ್ಲುಸಕ್ಕರೆ ದಿನದಿನಕ್ಕೆ ದಪ್ಪವಾಗುತ್ತದೆ, ಆದರೆ ಪಾಕದಲ್ಲಿದ್ದ ಸಕ್ಕರೆಯೇ ಹೊರಗಿನಿಂದ ಪದರವಾಗಿ ಕೂತಿರುತ್ತದೆ. ಮೊಳಕೆ ಒಳಗಿನಿಂದ ಬೆಳೆಯುತ್ತದೆ: ಕೂಡಿಟ್ಟ ಪಿಷ್ಟ, ಪ್ರೋಟೀನನ್ನು ಒಡೆದು, ಬೇರೆಯದೇ ಆಗಿ ಮರುಜೋಡಿಸಿ, ಕೋಶ ಒಂದು ಎರಡಾಗುತ್ತದೆ.

ಚಲನೆ, ಪ್ರತಿಕ್ರಿಯೆ, ಸಂತಾನೋತ್ಪತ್ತಿ ಇವೂ ಲಕ್ಷಣಗಳೇ, ಆದರೆ ಒಂದೊಂದನ್ನೇ ಹಿಡಿದು ತೀರ್ಪು ಕೊಡಬಾರದು. ಕುದುರೆಗೆ 64, ಕತ್ತೆಗೆ 62 ವರ್ಣತಂತು (ಕ್ರೋಮೋಸೋಮ್), ಎರಡರಿಂದಲೂ ಅರ್ಧರ್ಧ ಪಡೆದು ಹುಟ್ಟಿದ ಹೇಸರಗತ್ತೆಗೆ 63. ಜೋಡಿ ಸರಿಹೊಂದದೆ ಅದಕ್ಕೆ ಸಾಮಾನ್ಯವಾಗಿ ಮರಿಯಾಗದು. ಹೇರು ಹೊತ್ತು ಬೆಟ್ಟ ಹತ್ತುವ ಆ ಪ್ರಾಣಿಯನ್ನು ಜೀವಿಯಲ್ಲ ಎನ್ನುವವರಾರು? ಜೀವಿಗೂ ಜಡಕ್ಕೂ ನಡುವಿನ ಗೆರೆ ನಿಜವಾಗಿ ಮಸುಕಾಗುವುದು ವೈರಸ್ಸಿನಲ್ಲಿ. 1935ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ವೆಂಡೆಲ್ ಸ್ಟ್ಯಾನ್ಲಿ ಹೊಗೆಸೊಪ್ಪಿನ ಗಿಡಕ್ಕೆ ರೋಗ ತರುವ ಮೊಸಾಯಿಕ್ ವೈರಸ್ಸನ್ನು ಉಪ್ಪಿನಂತೆ ಹರಳುಗಟ್ಟಿಸಿದರು. ಆ ಹರಳನ್ನು ಕರಗಿಸಿ ಎಲೆಗೆ ಉಜ್ಜಿದರೆ ಮತ್ತೆ ರೋಗ ಹತ್ತುತ್ತಿತ್ತು.