ಚೆಲ್ಲಬಾರದ ಕೆಸರು

ದಾವಣಗೆರೆಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರು ಬಂದಿದ್ದು ಹತ್ತಿ ಗಿರಣಿಗಳಿಂದ. ಆ ವೈಭವ ಹೋಯಿತು. ಆದರೆ ಇಂಗ್ಲೆಂಡಿನ ಆ ಮ್ಯಾಂಚೆಸ್ಟರ್‌ನಲ್ಲೇ ಹುಟ್ಟಿದ ಇನ್ನೊಂದು ವಿದ್ಯೆ ಇವತ್ತು ಊರಾಚೆಯ ಹೊಸ ಬಡಾವಣೆಗಳಿಗೆ ಬೇಕಾಗಿದೆ. ಅದು ಚರಂಡಿ ನೀರನ್ನು ಶುದ್ಧ ಮಾಡುವ ವಿದ್ಯೆ.

100 ಮನೆಗಳ ಒಂದು ಬಡಾವಣೆ ಅಂದುಕೊಳ್ಳಿ. ಸುಮಾರು 500 ಜನ. ಒಳಚರಂಡಿ ಇರುವ ಊರುಗಳಿಗೆ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಎಂಬ ಸರ್ಕಾರಿ ಲೆಕ್ಕವಿದೆ. ಅದರ ಶೇ 80ರಷ್ಟು ಚರಂಡಿ ಸೇರುತ್ತದೆ. ಅಂದರೆ ದಿನಕ್ಕೆ 54 ಸಾವಿರ ಲೀಟರ್! ಎಸ್‌ಟಿಪಿಗೆ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕಕ್ಕೆ, ಬಂದ ಈ ನೀರನ್ನು ಮೊದಲು ಜಾಲರಿ ಸೋಸುತ್ತದೆ. ಮರಳು ತಳಕ್ಕಿಳಿಯುತ್ತದೆ. ನಿಜವಾದ ಕೆಲಸ ಶುರುವಾಗುವುದು ಮುಂದಿನ ತೊಟ್ಟಿಯಲ್ಲಿ.

ಅಲ್ಲಿ ಬ್ಲೋವರ್ ತಳದಿಂದ ಗಾಳಿ ಊದುತ್ತಿರುತ್ತದೆ. ಆ ಗಾಳಿಯಲ್ಲಿ ಉಸಿರಾಡುತ್ತ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು ನೀರಿನ ಕೊಳೆಯನ್ನು ತಿಂದು ಬೆಳೆಯುತ್ತವೆ, ಒಂದಕ್ಕೊಂದು ಅಂಟಿಕೊಂಡು ಕಂದು ಬಣ್ಣದ ಕೆಸರಾಗುತ್ತವೆ. ಅದರ ಮುಂದಿನ ತೊಟ್ಟಿಯಲ್ಲಿ ಗಾಳಿಯಿಲ್ಲ, ಅಲುಗಾಟವಿಲ್ಲ. ಕೆಸರು ಕೆಳಗೆ ಕೂರುತ್ತದೆ, ತಿಳಿನೀರು ಮೇಲಿಂದ ಹರಿದುಹೋಗುತ್ತದೆ.

ಹಾಗಾದರೆ ಕೆಸರನ್ನು ಹೊರಗೆ ಹಾಕಬಹುದಲ್ವಾ? ಬೇಡ. 1914ರಲ್ಲಿ ಮ್ಯಾಂಚೆಸ್ಟರ್‌ನ ರಸಾಯನ ವಿಜ್ಞಾನಿಗಳಾದ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಹೇಳಿದ್ದೇ ಇದನ್ನು. ಅವರು ಗಾಳಿ ಊದಿದ ಮೊದಲ ಕೊಳಚೆ ಪೂರ್ತಿ ಹದಕ್ಕೆ ಬರಲು ಸುಮಾರು ಐದು ವಾರ ಹಿಡಿಯಿತು. ತಿಳಿನೀರನ್ನಷ್ಟೇ ಬಸಿದು, ಉಳಿದ ಕೆಸರಿನ ಮೇಲೆ ಹೊಸ ಕೊಳಚೆ ಸುರಿದರು. ಮತ್ತೆ ಮತ್ತೆ ಹೀಗೇ ಮಾಡಿದಾಗ, ಅದೇ ಕೆಲಸ ಒಂದು ದಿನದೊಳಗೆ ಮುಗಿಯತೊಡಗಿತು. ಮೊಸರಿಗೆ ಹೆಪ್ಪು ಉಳಿಸಿಕೊಳ್ಳುವ ಹಾಗೆ! ಇವತ್ತಿಗೂ ಎಸ್‌ಟಿಪಿಯ ಒಂದು ಪಂಪು ತಳದ ಕೆಸರನ್ನು ಗಾಳಿ ತೊಟ್ಟಿಗೆ ವಾಪಸ್ ಕಳಿಸುತ್ತಲೇ ಇರುತ್ತದೆ. ಅವರಿಬ್ಬರಿಗೆ ದಾರಿ ತೋರಿದ ಗಿಲ್ಬರ್ಟ್ ಫೌಲರ್ ಆಮೇಲೆ ಪ್ರಾಧ್ಯಾಪಕರಾಗಿ ಬಂದಿದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ.

ಈ ಜೀವಿಗಳನ್ನು ಚೆನ್ನಾಗಿ ನೋಡಿಕೊಳ್ಳುವುದೇ ಆಪರೇಟರ್ ಕೆಲಸ. ಅವರು ಗಾಳಿ ತೊಟ್ಟಿಯ ನೀರನ್ನು ಒಂದು ಲೀಟರ್ ಜಾಡಿಗೆ ತುಂಬಿ ಅರ್ಧ ಗಂಟೆ ಬಿಡುತ್ತಾರೆ. ಕೆಸರು ಎಷ್ಟು ಕೂತಿದೆ, ಮೇಲಿನ ನೀರು ತಿಳಿಯಾಗಿದೆಯಾ ಅಂತ ನೋಡುತ್ತಾರೆ. ಕೆಸರಿಗೆ ಮಣ್ಣಿನ ವಾಸನೆ ಇದ್ದರೆ ಒಳ್ಳೆಯದು. ಕಪ್ಪಾಗಿ, ಕೊಳೆತ ಮೊಟ್ಟೆಯಂತೆ ನಾರಿದರೆ ಗಾಳಿ ಸಾಲುತ್ತಿಲ್ಲ ಎಂದೇ ಅರ್ಥ. ಕರೆಂಟ್ ಬಿಲ್ ಉಳಿಸಲು ರಾತ್ರಿಯಿಡೀ ಬ್ಲೋವರ್ ಆಫ್ ಮಾಡುವುದು ನನ್ನ ಪ್ರಕಾರ ದೊಡ್ಡ ತಪ್ಪು. ಉಳಿಯುವುದು ಸ್ವಲ್ಪ ದುಡ್ಡು, ಸಾಯುವುದು ತಿಂಗಳುಗಟ್ಟಲೆ ಬೆಳೆಸಿದ ಜೀವ.

ಮನೆಯವರ ಪಾಲೂ ಇದೆ. ಮಿರ್ಚಿ ಕರಿದ ಎಣ್ಣೆಯನ್ನು ಸಿಂಕಿಗೆ ಸುರಿದರೆ ಅದು ಪೈಪಿನಲ್ಲಿ ಗಟ್ಟಿ ಕಟ್ಟುತ್ತದೆ, ತೊಟ್ಟಿಯಲ್ಲಿ ತೇಲುತ್ತದೆ. ಆಸಿಡ್, ಫಿನಾಯಿಲ್ ಜಾಸ್ತಿ ಸುರಿದರೆ ಬ್ಯಾಕ್ಟೀರಿಯಾ ಸಾಯುತ್ತವೆ. ದೊಡ್ಡ ಊರಿನ ಘಟಕ ಅದನ್ನು ತಾಳಿಕೊಳ್ಳಬಹುದು. 100 ಮನೆಯ ಪುಟ್ಟ ತೊಟ್ಟಿಗೆ ಕಷ್ಟ.

ಬೆಳೆಯುತ್ತ ಹೆಚ್ಚಾದ ಕೆಸರನ್ನು ಆಗಾಗ ತೆಗೆದು ಒಣಗಿಸುತ್ತಾರೆ. ತಿಳಿನೀರನ್ನು ಸೋಸಿ ಕ್ಲೋರಿನ್ ಹಾಕುತ್ತಾರೆ. ಅದು ಕುಡಿಯುವ ನೀರಲ್ಲ. ಆದರೆ ಭದ್ರಾ ನಾಲೆ ನಿಂತ ಬೇಸಿಗೆಯಲ್ಲೂ ಬಡಾವಣೆಯ ಪಾರ್ಕಿಗೆ, ಟಾಯ್ಲೆಟ್ ಫ್ಲಶ್‌ಗೆ ಅದು ಸಿಗುತ್ತದೆ. ಅಷ್ಟು ತುಂಗಭದ್ರಾ ನೀರು ಕುಡಿಯಲು ಉಳಿಯುತ್ತದೆ.